ನನ್ನ ಬಾಯಿಯನ್ನು ಬರೆದ ಹುಡುಗಿ

ಬಲಗೈಯ ಕಿರುಬೆರಳು ಮತ್ತು ಉಂಗುರಬೆರಳು, ಈ ಎರಡನ್ನು ಮಾತ್ರ ಮುಚ್ಚುವ ಕಪ್ಪು ಕೈಗವಸೊಂದನ್ನು ತೊಟ್ಟು ಅವಳು ಬಹುಕಾಲದ ಮೇಲೆ ನಮ್ಮ ಜಗಲಿಯೇರಿದಾಗ, ಮಗುವಿನ ಕೈ ಸುಟ್ಟಿದೆಯೆಂದೇ ನಾನು ಭಾವಿಸಿದೆ. ಉಳಿದ ಬೆರಳುಗಳು ಬರಿದಾಗಿದ್ದವು. ಅವುಗಳ ತುದಿ ಪೆನ್ಸಿಲಿನ ಸೀಸ ಮೆತ್ತಿಕೊಂಡು ಉಜ್ಜಿದ ತಗಡಿನಂತೆ ಹೊಳೆಯುತ್ತಿತ್ತು. ನನ್ನ ಹೆಂಡತಿ ಒಳಗಿನಿಂದ ಜೇನಿನ ಬಾಟಲಿಯನ್ನೇ ತಂದುಬಿಟ್ಟಳು. ಹುಡುಗಿ ಕೈಯನ್ನು ಹಿಂದಕ್ಕೆಳೆದುಕೊಂಡು ನಕ್ಕಳು.

"ಗಾಯ ಎಂತದ್ದೂ ಇಲ್ಲ ಅಜ್ಜಿ. ಟ್ಯಾಬ್‌ನಲ್ಲಿ ಚಿತ್ರ ಬರೆಯುವಾಗ ಕೈ ಅಂಟಬಾರದಲ್ವಾ, ಅದಕ್ಕೆ ಇದು. ಜೇನು ಬೇಕಾದ್ರೆ ಕೊಡಿ, ದೋಸೆಗೆ ಆಗ್ತದೆ."

ಕುಲಶೇಖರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದು ಮೋಟು ಗೋಡೆ ಮಾತ್ರ. ಅವರದು ಬಂಟರ ಮನೆತನ, ಹಿರಿಯರಿಗೆ ಊರಿನಲ್ಲಿ ಗದ್ದೆ, ಗುತ್ತಿನ ದೊಡ್ಡಮನೆ ಎಲ್ಲ ಇತ್ತಂತೆ. ಅವಳ ತಂದೆ ಹಂಪನಕಟ್ಟೆಯ ಬಳಿ ಹೋಟೆಲು ನಡೆಸುತ್ತಾರೆ. ಎರಡೂ ಮನೆಗಳ ಮಾತು ತುಳುವೇ ಆದರೂ, ಬಾಲ್ಯದಲ್ಲಿ ಅವಳು ಬೇಸಗೆಯ ರಜೆಗಳಲ್ಲಿ ನನ್ನ ಬಳಿ ಶ್ಲೋಕ ಕಲಿಯಲು ಬರುತ್ತಿದ್ದುದರಿಂದ ನಮ್ಮಿಬ್ಬರ ನಡುವೆ ಪಾಠದ ಭಾಷೆಯಾದ ಕನ್ನಡವೇ ಉಳಿದುಕೊಂಡಿತ್ತು. ದೊಡ್ಡವಳಾದ ಮೇಲೆ ಅವಳು ನಗರದ ಕಾಲೇಜೊಂದರಲ್ಲಿ ಅನಿಮೇಶನ್ ಎಂಬ ವಿದ್ಯೆಯನ್ನು ಕಲಿಯುತ್ತಿದ್ದಾಳೆಂದು ತಿಳಿದಿದ್ದೆ. ಅದೇನೆಂದು ಕೇಳಿ ತಿಳಿಯುವ ಕುತೂಹಲ ನನಗಿರಲಿಲ್ಲ. ಆಯುಷ್ಯವನ್ನೆಲ್ಲ ಸಂಸ್ಕೃತ ಪಾಠಶಾಲೆಯಲ್ಲಿ ಕಳೆದವನು ನಾನು. ಶುದ್ಧವಾದ ಉಚ್ಚಾರಣೆಯೊಂದನ್ನು ಬಿಟ್ಟರೆ ನನ್ನದೆಂದು ಹೇಳಿಕೊಳ್ಳುವ ಆಸ್ತಿ ಬೇರೆ ಇರಲಿಲ್ಲ.

ಅಂದು ಅವಳು ಕುಳಿತು, ದೋಸೆ ತಿಂದು, ಕೈ ತೊಳೆದು ಬಂದು ಹೇಳಿದ ಮಾತಿಗೆ ನಾನು ಬೆಚ್ಚಿಬಿದ್ದೆ.

"ಅಜ್ಜ, ನನಗೆ ನಿಮ್ಮ ಬಾಯಿ ಬೇಕಿತ್ತು."

"ಬಾಯಿಯೇ?"

"ಹೂಂ, ಬಾಯಿ. ಕೊನೆಯ ವರ್ಷದ ಸಿನಿಮಾ ಮಾಡ್ಬೇಕು. ಒಬ್ಬ ಅಜ್ಜ ಬೆಳಿಗ್ಗೆ ಎದ್ದು ದೀಪ ಹಚ್ಚಿ ಸ್ತೋತ್ರ ಹೇಳ್ತಾರೆ, ಹೇಳ್ತಾ ಹೇಳ್ತಾ ಬೆಳಕು ಹರೀತದೆ. ಅಷ್ಟೇ ಕತೆ. ಆದ್ರೆ ಯಾವ ಅಕ್ಷರಕ್ಕೆ ತುಟಿ ಹೇಗೆ ಹೋಗ್ತದೆ ಅಂತ ನೋಡಿ ಬರೀಬೇಕು. ಸರಿಯಾಗಿ ಹೇಳುವವರು ಈ ಊರಲ್ಲಿ ನೀವು ಬಿಟ್ರೆ ಯಾರುಂಟು?"

ಹೊಗಳಿಕೆಗೆ ಸೋತೆನೋ, ವಿದ್ಯೆಯ ಹೆಸರಿಗೆ ಸೋತೆನೋ, ಒಪ್ಪಿಕೊಂಡೆ. ಕಂಠದಿಂದ ಹುಟ್ಟುವ ವರ್ಣಗಳು, ತಾಲುವಿನವು, ಮೂರ್ಧದವು, ಹಲ್ಲಿನವು, ಕೊನೆಗೆ ತುಟಿಯಲ್ಲಿ ಹುಟ್ಟುವ ಓಷ್ಠ್ಯಗಳು, ಹೀಗೆ ಉಚ್ಚಾರಣೆಯನ್ನು ವಿಧಿಸುವ ಶಿಕ್ಷಾಶಾಸ್ತ್ರದ ಕ್ರಮದಲ್ಲಿ ಒಂದೊಂದನ್ನೂ ಉಚ್ಚರಿಸಿ ತೋರಿಸಿದೆ. ಅವಳು ಪ್ರತಿಯೊಂದಕ್ಕೂ ಒಂದು ಬಾಯಿ ಬರೆದಳು. ಹಾಳೆಯನ್ನು ನನ್ನತ್ತ ತಿರುಗಿಸಿದಾಗ ನನಗಾದ ಸಂಕೋಚವನ್ನು ಏನೆಂದು ಹೇಳಲಿ! ಹಾಳೆಯ ತುಂಬ ನನ್ನದೇ ಬಾಯಿಗಳು: ತೆರೆದವು, ಅರೆತೆರೆದವು, ಬಿದ್ದುಹೋದ ಹಲ್ಲಿನ ಸಂದಿಯನ್ನು ನಾಚಿಕೆಯಿಲ್ಲದೆ ತೋರಿಸುವವು. ಮುಖವಿಲ್ಲ, ಕಣ್ಣಿಲ್ಲ. ಒಂದು ಜೀವಮಾನದ ವೇದಾಧ್ಯಯನ ಹೀಗೆ ಬಿಡಿಬಿಡಿ ತುಟಿಗಳಾಗಿ ಹರಡಿ ಬಿದ್ದಿತ್ತು.

"ಓಷ್ಠ್ಯಗಳು ಚೆನ್ನಾಗಿ ಬಂದಿವೆ" ಎಂದಷ್ಟೇ ಹೇಳಿದೆ.

"ಪ, ಬ, ಮ ಬಂದರೆ ಬೇರೆ ಎಲ್ಲ ತನ್ನಿಂದ ತಾನೇ ಬರ್ತದೆ ಅಜ್ಜ. ತುಟಿ ಮುಚ್ಚುವುದು ತಪ್ಪಿದರೆ ನೋಡುವವರಿಗೆ ಕೂಡ್ಲೆ ಗೊತ್ತಾಗ್ತದೆ."

ಅಲ್ಲಿಂದ ಅವಳ ಬರುವಿಕೆ ನಿತ್ಯವಾಯಿತು. ನಾನು ಸ್ನಾನ ಮಾಡಿ ಮಡಿಯುಟ್ಟು ದೇವರ ಕೋಣೆಗೆ ಹೋಗುವ ಹೊತ್ತಿಗೆ ಅವಳು ಹೊಸ್ತಿಲಿನಾಚೆ ಮಣೆಯೊಂದನ್ನು ಹಾಕಿಕೊಂಡು ಕುಳಿತಿರುತ್ತಿದ್ದಳು. ಸ್ನಾನದಿಂದ ಪೂಜೆಯ ಸಮಾಪ್ತಿಯವರೆಗೆ ದೇವರ ಹೊರತು ಬೇರೆ ಯಾರೊಂದಿಗೂ ನಾನು ಮಾತನಾಡುವುದಿಲ್ಲ. ಆ ಹೊತ್ತಿನಲ್ಲಿ ಹೊಸ್ತಿಲನ್ನು ಯಾರೂ ದಾಟುವಂತಿಲ್ಲ, ನನ್ನ ಹೆಂಡತಿ ಕೂಡ. ಈ ಎರಡು ನಿಯಮಗಳನ್ನು ಮೊದಲ ದಿನವೇ ತಿಳಿಸಿದ್ದೆ. ಅವಳು ಮಣೆಯನ್ನು ಹೊಸ್ತಿಲಿಗೆ ತಾಗಿಸುತ್ತಲೂ ಇರಲಿಲ್ಲ.

ಚಿತ್ರಕಾರರು ಎದುರಿಗೆ ಕುಳಿತವರನ್ನು ಅಲ್ಲಾಡಬೇಡಿ ಎನ್ನುವುದನ್ನು ಕೇಳಿ ಬಲ್ಲೆ. ಇವಳದು ಅದಕ್ಕೆ ತಲೆಕೆಳಗು. ಪೂಜೆ ಮುಗಿದ ಮೇಲೆ ಕೆಲವೊಮ್ಮೆ ಜಗಲಿಯಲ್ಲಿ ಅವಳ ಎದುರು ಕೂರುತ್ತಿದ್ದೆ. ಸಹಜವಾಗಿ ಬೆನ್ನು ನೆಟ್ಟಗಾಗುತ್ತಿತ್ತು.

"ಎಂತ ಅಜ್ಜ, ಕಂಬದ ಹಾಗೆ ಕೂತದ್ದು? ನನಗೆ ಫೋಟೋ ಅಲ್ಲ ಬೇಕಾದ್ದು. ಚೂರು ಅಲ್ಲಾಡಿ. ಅಜ್ಜಿಗೆ ಬೈಯಿರಿ ಒಮ್ಮೆ."

"ಅದಕ್ಕೆ ಹೇಳಿಕೊಡ್ಬೇಕಾ ಅವರಿಗೆ?" ಎಂದು ಒಳಗಿನಿಂದ ನನ್ನವಳು.

ನಾನು ತಿರುಗಿ ಏನಾದರೂ ಹೇಳುವಷ್ಟರಲ್ಲಿ ಹಾಳೆಯ ಮೇಲೆ ನಾಲ್ಕಾರು ಗೆರೆ ಬಿದ್ದು ಆಗಿರುತ್ತಿತ್ತು. ಮುಖ್ಯವಾದ ಭಂಗಿಗಳನ್ನು ಮೊದಲು ಬರೆಯುವುದು, ಆಮೇಲೆ ಅವುಗಳ ನಡುವಿನ ಒಂದೊಂದು ಎಳೆಯನ್ನೂ ತುಂಬುವುದು. ಅದು ಅವಳ ವಿದ್ಯೆಯ ಕ್ರಮವಂತೆ. ಕಣ್ಣೆವೆ ಮುಚ್ಚಿ ತೆರೆಯುವಷ್ಟರೊಳಗೆ ಎಷ್ಟೊಂದು ಚಿತ್ರಗಳು ಓಡಿಹೋಗುತ್ತವೆ ಎಂದು ಅವಳು ವಿವರಿಸಿದಾಗ, ಇಷ್ಟು ತಾಳ್ಮೆಯನ್ನು ಜಪಕ್ಕೆ ಹಾಕಿದ್ದರೆ ಈ ಹುಡುಗಿ ಸಿದ್ಧಿ ಪಡೆಯುತ್ತಿದ್ದಳಲ್ಲ ಎಂದುಕೊಂಡೆ. ಬರೆಯುವಾಗ ಅವಳು ತನ್ನ ಮುಖದಲ್ಲೇ ನನ್ನ ಮುಖವನ್ನು ಮಾಡಿಕೊಳ್ಳುತ್ತಿದ್ದಳು: ನನ್ನ ಹುಬ್ಬು ಏರಿದರೆ ಅವಳದೂ ಏರುತ್ತಿತ್ತು, ನಾನು ತುಟಿ ಬಿಗಿದರೆ ಅವಳೂ ಬಿಗಿಯುತ್ತಿದ್ದಳು. ಅವಳಿಗದು ತಿಳಿದಿರಲಿಲ್ಲ. ನೋಡಿ ನನಗೆ ನಗು ಬರುತ್ತಿತ್ತು.

ಅವಳ ತಂದೆಗೆ ಮಾತ್ರ ಇದು ಸಮಾಧಾನದ ವಿಷಯವಾಗಿರಲಿಲ್ಲ. ಗೋಡೆಯಾಚೆಯಿಂದ ಒಮ್ಮೆ ಕೂಗಿ ಹೇಳಿದರು: "ಮಾಷ್ಟ್ರೇ, ಮಗಳು ನಿಮ್ಮನ್ನು ಕಾರ್ಟೂನ್ ಮಾಡ್ತಿದ್ದಾಳೆ ಮಾರಾಯ್ರೆ, ನೀವು ಸುಮ್ಮನೆ ಬಿಟ್ಟದ್ದು ಎಂತ? ಹೋಟೆಲಿನ ಗಲ್ಲಾದಲ್ಲಿ ಕೂರು ಅಂದ್ರೆ ಕೂರುವುದಿಲ್ಲ. ಈ ಸಿನಿಮಾ ಒಂದು ಆಗ್ಲಿ, ಆಮೇಲೆ ನೋಡುವ."

ಸಿನಿಮಾಕ್ಕೆ ನನ್ನ ಧ್ವನಿಯೂ ಬೇಕೆಂದು ಅವಳು ಕೇಳಿದಾಗ ಬಹಳ ಯೋಚಿಸಿದೆ. ಉಪದೇಶದಿಂದ ಬಂದ ಮಂತ್ರಗಳನ್ನು ಯಂತ್ರಕ್ಕೆ ಒಪ್ಪಿಸಲಾಗದು. ಎಲ್ಲರೂ ಹೇಳಬಹುದಾದ ಬೆಳಗಿನ ಸ್ತೋತ್ರವೊಂದನ್ನು ಹೇಳುತ್ತೇನೆ, ಏಕಾದಶಿಯ ಉಪವಾಸ ಕಳೆದು ದ್ವಾದಶಿಯ ಪಾರಣೆ ಮುಗಿದ ಮೇಲೆ ಬಾ ಎಂದೆ. ಧ್ವನಿ ಮೊದಲು ಸಿಕ್ಕಿದ್ದರೆ ಅನುಕೂಲವಿತ್ತು ಎಂದಳು. ಆದರೂ ನನ್ನ ಮಾತಿಗೆ ಕಾದಳು. ಕಾಯುವಾಗ ಸುಮ್ಮನಿರದೆ, ನಾನು ದಿನವೂ ಹೇಳುವುದನ್ನು ನೋಡಿ ಬಾಯಿಗಳನ್ನೆಲ್ಲ ಬರೆದೂ ಮುಗಿಸಿದ್ದಳು.

ಆ ಏಕಾದಶಿ ಬಂತು. ಆ ದಿನ ನೀರೂ ಇಲ್ಲದ ಉಪವಾಸ; ಜಪವೂ ಮನಸ್ಸಿನಲ್ಲೇ, ತುಟಿ ಅಲುಗದಂತೆ. ಸ್ನಾನದ ಮನೆಯಿಂದ ಬರುವಾಗ ಕಾಲು ಸ್ವಲ್ಪ ಎಳೆದಂತಾಯಿತು. ನನ್ನ ಹೆಂಡತಿ ಕಂಡಳು, ಉಪವಾಸದ ನಿತ್ರಾಣವೆಂದುಕೊಂಡಳು. ಏನೋ ಕೇಳಿದಳಂತೆ, ನಾನು ಉತ್ತರಿಸಲಿಲ್ಲ, ಮೌನದಲ್ಲಿದ್ದಾರೆಂದು ಸುಮ್ಮನಾದಳು. ನಾನೂ ಉಪವಾಸದ ಸುಸ್ತೆಂದೇ ಅಂದುಕೊಂಡಿದ್ದೆ. ಇಷ್ಟು ಕಾಲ ಪಾಲಿಸಿಕೊಂಡು ಬಂದ ನಿಯಮವೇ ಅಂದು ನಮ್ಮಿಬ್ಬರ ಕಣ್ಣಿಗೂ ಪರದೆಯಾಗಿ ನಿಂತಿತ್ತು.

ಜಪಕ್ಕೆ ಕುಳಿತೆ. ಹೊಸ್ತಿಲಾಚೆ ಪೆನ್ಸಿಲಿನ ಸದ್ದು ಕೇಳುತ್ತಿತ್ತು. ಅದು ನಿಂತಿತು. ಮತ್ತೆ ಕೇಳಿತು. ಮತ್ತೆ ನಿಂತಿತು.

"ಅಜ್ಜಿ" ಎಂದು ಅವಳು ಕರೆದಳು. "ಅಜ್ಜಿ, ಇಲ್ಲಿ ಬನ್ನಿ. ಅಜ್ಜನ ಗೆರೆ ಎಲ್ಲಿ?"

"ಯಾವ ಗೆರೆ ಮಗಾ?"

"ಎಡಬದಿಯ ಗೆರೆ. ಮೂಗಿನ ಹತ್ತಿರದಿಂದ ಬಾಯಿಯ ಕೊನೆಗೆ ಬರ್ತದಲ್ಲ, ಅದು. ನಾನು ದಿನಾ ಬರೆಯುವುದು. ಇವತ್ತು ಇಲ್ಲ."

"ಉಪವಾಸ ಅಲ್ವಾ, ಮುಖ ಬಾಡಿದೆ. ಮಾತಾಡಿಸಬೇಡ, ಮೌನ ಉಂಟು ಅವರಿಗೆ."

"ಬಾಡಿದ್ರೆ ಗೆರೆ ಜಾಸ್ತಿ ಆಗ್ಬೇಕು ಅಜ್ಜಿ! ಇದು ಒಂದೇ ಬದಿ ಅಳಿಸಿದ ಹಾಗೆ ಉಂಟು. ಅಯ್ಯೋ ದೇವೆರೇ..."

ಮುಂದಿನದು ನಾನು ಕನಸಿನಲ್ಲಿಯೂ ಊಹಿಸಿರದ ಸಂಗತಿ. ಅವಳು ಹೊಸ್ತಿಲು ದಾಟಿದಳು. ಸಾಲಿಗ್ರಾಮದ ಸಂಪುಟದ ಎದುರು, ಮಡಿಯಲ್ಲಿ ಕುಳಿತ ನನ್ನ ಗಲ್ಲವನ್ನು ಸೀಸ ಮೆತ್ತಿದ ಬೆರಳುಗಳಿಂದ ಹಿಡಿದು ಮುಖವನ್ನು ತನ್ನತ್ತ ತಿರುಗಿಸಿದಳು.

"ಅಜ್ಜ, ನಗಾಡಿ. ಒಮ್ಮೆ ನಗಾಡಿ ನೋಡುವ."

ನನಗೆ ಬಂದದ್ದು ನಗುವಲ್ಲ, ಕೋಪ. ಮೈಯೆಲ್ಲ ಉರಿದುಹೋಯಿತು. ಹೊರಗೆ ನಡೆ ಎಂದು ಗದರಿಸಲು ಬಾಯಿ ತೆರೆದೆ. ಬಂದದ್ದು ಮಾತಲ್ಲ; ಗಂಟಲಿನಿಂದ ಹೊರಟು ಎಲ್ಲಿಯೂ ತಾಗದೆ ಬಾಯಿಯ ಎಡಮೂಲೆಯಿಂದ ಸೋರಿಹೋದ ಒಂದು ಸದ್ದು. ಇನ್ನೊಮ್ಮೆ ಪ್ರಯತ್ನಿಸಿದೆ. ಅದೇ ಸದ್ದು. ತೊಡೆಯ ಮೇಲಿಟ್ಟಿದ್ದ ಎಡಗೈ ಎಂದೋ ಜಾರಿ ನೆಲಕ್ಕೆ ಬಿದ್ದಿತ್ತು, ನನಗೆ ತಿಳಿದೇ ಇರಲಿಲ್ಲ. ಆ ಕ್ಷಣದ ದಿಗ್ಭ್ರಮೆಯನ್ನು ವರ್ಣಿಸುವ ಶಬ್ದ ನನಗೆ ಯಾವ ಕೋಶದಲ್ಲಿಯೂ ಸಿಕ್ಕಿಲ್ಲ. ಜೀವ ಹೋಗುತ್ತದೆಂಬ ಭಯವಲ್ಲ. ವರ್ಣಗಳು ನನ್ನನ್ನು ಬಿಟ್ಟುಹೋದವಲ್ಲ ಎಂಬುದು.

ಅವಳ ಕೂಗಿಗೆ ಅವಳ ತಂದೆ ಗೋಡೆ ಹಾರಿಯೇ ಬಂದರು. ಮಡಿಪಂಚೆಯಲ್ಲಿಯೇ ನನ್ನನ್ನು ಎತ್ತಿ ಕಾರಿನಲ್ಲಿ ಮಲಗಿಸಿದರು. ನಂತೂರಿನ ವೃತ್ತದಲ್ಲಿ ವಾಹನಗಳು ನಿಂತುಬಿಟ್ಟಾಗ ಆ ಹುಡುಗಿ ಕೆಳಗಿಳಿದು ಬಸ್ಸಿನ ಎದುರು ಕೈ ಅಡ್ಡ ಹಿಡಿದು ದಾರಿ ಬಿಡಿಸಿದಳಂತೆ. ಅತ್ತಾವರದ ಆಸ್ಪತ್ರೆಯಲ್ಲಿ ವೈದ್ಯರು ಮೆದುಳಿನ ರಕ್ತನಾಳದ ಅಡಚಣೆ ಎಂದರು, ತಕ್ಷಣವೇ ಔಷಧ ಹರಿಸಿದರು. "ಪೂಜೆ ಮುಗಿಯುವ ತನಕ ಕಾದಿದ್ದರೆ ಕಷ್ಟ ಇತ್ತು. ಯಾರು ಮೊದಲು ಗಮನಿಸಿದ್ದು?" ಎಂದು ಅವರು ಕೇಳಿದಾಗ, ಮಂಚದ ಕಾಲ ಬದಿಯಲ್ಲಿ ನಿಂತ ಅವಳನ್ನು ನನ್ನ ಹೆಂಡತಿ ತೋರಿಸಿದಳು. "ಮೆಡಿಕಲ್ ಸ್ಟೂಡೆಂಟಾ?" ಎಂದು ವೈದ್ಯರು. "ಅಲ್ಲ ಸರ್, ಕಾರ್ಟೂನ್" ಎಂದರು ಅವಳ ತಂದೆ. ಆ ದನಿಯಲ್ಲಿ ಹಿಂದಿನ ತಾತ್ಸಾರವಿರಲಿಲ್ಲ.

ಪ್ರಾಣ ಉಳಿಯಿತು. ಕೈಕಾಲುಗಳೂ ಮೆಲ್ಲನೆ ಬಂದವು. ಬಾರದೆ ಉಳಿದದ್ದು ಎಡತುಟಿ. ಕಂಠ್ಯ, ತಾಲವ್ಯಗಳು ತಡವರಿಸುತ್ತ ಹಿಂದಿರುಗಿದವು, ಓಷ್ಠ್ಯಗಳು ಬರಲಿಲ್ಲ. ತುಟಿ ಮುಚ್ಚಬೇಕೆಂದಲ್ಲಿ ಗಾಳಿ ಸೋರಿಹೋಗುತ್ತಿತ್ತು. ಪ್ರಣವದ, ಎಂದರೆ ಓಂಕಾರದ, ಕೊನೆಯಲ್ಲಿ ತುಟಿ ಕೂಡಬೇಕು. ನನ್ನ ಪ್ರಣವ ತೆರೆದ ಬಾಗಿಲಿನಂತೆ ತೆರೆದೇ ಉಳಿಯುತ್ತಿತ್ತು. ಸ್ವರ ತಪ್ಪಿದ, ವರ್ಣ ತಪ್ಪಿದ ಮಂತ್ರ ಹೇಳಿದವನನ್ನೇ ಬಾಧಿಸುತ್ತದೆಂದು ಎಷ್ಟು ತಲೆಮಾರಿನ ಮಕ್ಕಳಿಗೆ ಕಲಿಸಿದ್ದೇನೆ! ಮನೆಗೆ ಬಂದ ಮೇಲೆ ದೇವರ ಕೋಣೆಯಲ್ಲಿ ಹೂವಿಟ್ಟು ಕೈಮುಗಿದು ಹಿಂದಿರುಗುತ್ತಿದ್ದೆ. ಬಾಯಿ ತೆರೆಯುವ ಅಧಿಕಾರ ಹೋಯಿತೆಂದೇ ನಿಶ್ಚಯಿಸಿದ್ದೆ.

ಅವಳು ಬಂದಳು. ಚಿತ್ರ ಸಲ್ಲಿಸುವ ದಿನ ಹತ್ತಿರವಾಗಿತ್ತು. ನನ್ನ ಹಳೆಯ ಶಿಷ್ಯನೊಬ್ಬನ ಧ್ವನಿ ಶುದ್ಧವಾಗಿದೆ, ಅವನಿಂದ ಹೇಳಿಸು ಎಂದು ಕೈಸನ್ನೆಯಲ್ಲಿಯೂ ಮುರುಕು ಮಾತಿನಲ್ಲಿಯೂ ತಿಳಿಸಿದೆ.

"ಕಾಲೇಜಲ್ಲಿ ಸರ್ ಕೂಡ ಅದನ್ನೇ ಹೇಳಿದ್ರು. ಆದ್ರೆ ಆಗುವುದಿಲ್ಲ ಅಜ್ಜ. ಬಾಯಿ ನಿಮ್ಮದು, ಧ್ವನಿ ಬೇರೆಯವರದ್ದು ಹಾಕಿದರೆ ಬೊಂಬೆ ಮಾತಾಡಿದ ಹಾಗೆ ಆಗ್ತದೆ."

ಹೇಳಿ, ಚೀಲದಿಂದ ಆ ಬಾಯಿಗಳ ಹಾಳೆಗಳನ್ನು ತೆಗೆದಳು. ವೈದ್ಯರು ಕನ್ನಡಿಯ ಮುಂದೆ ಅಭ್ಯಾಸ ಮಾಡಲು ಹೇಳಿದ್ದರು. ನಾನು ಕನ್ನಡಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೆ. ಅವಳಿಗೆ ಅದು ಕಂಡಿತು. ಹಾಳೆಯನ್ನು ಎದುರಿಗೆ ಹಿಡಿದು, "ಇದು ಪ. ನೀವೇ ಕಲಿಸಿದ್ದು. ಮಾಡಿ" ಎಂದಳು. ದಿನವೂ ಬಂದಳು. ಬೇಸಗೆಯ ರಜೆಯಲ್ಲಿ ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ ಮಗು ಈಗ ನನಗೆ ವರ್ಣಮಾಲೆಯನ್ನು ಹೇಳಿಸುತ್ತಿತ್ತು. ನಾನು ತುಟಿ ಕೂಡಿಸಲು ಒದ್ದಾಡುವಾಗ ಅವಳ ತುಟಿಯೂ ಎಡಕ್ಕೆ ವಾಲಿ ಒದ್ದಾಡುತ್ತಿತ್ತು.

ಸ್ವಲ್ಪ ಸುಧಾರಿಸಿತು. ಪೂರ್ತಿಯಾಗಿ ಅಲ್ಲ. ಒಂದು ದಿನ ಅವಳು, "ಇನ್ನು ಕಾಯ್ಲಿಕ್ಕೆ ಆಗುವುದಿಲ್ಲ ಅಜ್ಜ. ಈಗ ಹೇಗೆ ಬರ್ತದೋ ಹಾಗೇ ಹೇಳಿ. ಅದನ್ನೇ ಹಾಕ್ತೇನೆ" ಎಂದಾಗ ನಾನು ತತ್ತರಿಸಿದೆ. ಅಪಶಬ್ದಗಳಿಂದ ತುಂಬಿದ ಸ್ತೋತ್ರವೇ? ಅದೂ ಸಭೆಯ ಎದುರು? ತಲೆಯಲ್ಲಾಡಿಸಿದೆ.

ಆಗ ಅಡುಗೆಮನೆಯಿಂದ ನನ್ನ ಹೆಂಡತಿ ಕೈಯೊರಸಿಕೊಳ್ಳುತ್ತ ಬಂದಳು.

"ಮದುವೆಯಾಗಿ ಬಂದಂದಿನಿಂದ ನಾನು ಸ್ತೋತ್ರ ಹೇಳಿದ್ದೆಲ್ಲ ತಪ್ಪೇ. ಒಂದು ದಿನ ಬಿಡದೆ ತಿದ್ದಿದ್ದೀರಿ. ದೇವರು ಒಂದು ದಿನವೂ ತಿದ್ದಲಿಲ್ಲ. ಈಗ ನಿಮ್ಮ ಬಾಯಿ ನನ್ನ ಬಾಯಿಯ ಹಾಗೆ ಆಯಿತು, ಅಷ್ಟೇ ಅಲ್ವಾ? ಹೇಳಿ ಕೊಡಿ ಮಗುವಿಗೆ."

ಹುಡುಗಿ ನಗು ತಡೆಯಲು ಮುಖ ತಿರುಗಿಸಿದಳು. ನಾನು ಸ್ತೋತ್ರವನ್ನು ಯಂತ್ರಕ್ಕೆ ಹೇಳಿದೆ. ಹೇಳುವಷ್ಟು ಹೊತ್ತೂ ಬೆವರುತ್ತಿದ್ದೆ.

ಕಾಲೇಜಿನ ಸಭಾಂಗಣದಲ್ಲಿ ಚಿತ್ರ ತೋರಿಸಿದ ದಿನ ಮುಂದಿನ ಸಾಲಿನಲ್ಲಿ ನಮ್ಮನ್ನು ಕೂರಿಸಿದ್ದರು. ಕತ್ತಲೆಯಲ್ಲಿ ಒಂದು ದೀಪ ಹೊತ್ತಿತು, ಅದರ ಹಿಂದೆ ನನ್ನ ಮುಖ. ಅವಳು ಹಿಂದೆ ಬರೆದಿಟ್ಟ ಬಾಯಿ ಹೇಗಿತ್ತೆಂದು ನನಗೆ ಗೊತ್ತಿತ್ತು: ಎರಡು ಬದಿಯೂ ಸಮನಾದ, ಗರ್ವದಿಂದ ತುಂಬಿದ ಬಾಯಿ. ಆ ಬಾಯಿಯಿಂದ ಈ ಮುರುಕು ಧ್ವನಿ ಹೊರಡುವುದನ್ನು ಸಹಿಸಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಕುಳಿತಿದ್ದೆ.

ಮುಖ ಹತ್ತಿರ ಬಂತು. ಬಾಯಿ ತೆರೆಯಿತು. ಎಡತುಟಿ ಜೋಲುಬಿದ್ದಿತ್ತು. ಆ ಗೆರೆ ಇರಲಿಲ್ಲ. ಅವಳು ಹಳೆಯ ಬಾಯಿಗಳನ್ನು ಒಂದೂ ಉಳಿಸಿರಲಿಲ್ಲ. ಅಷ್ಟನ್ನೂ ಹೊಸದಾಗಿ ಬರೆದಿದ್ದಳು. ಧ್ವನಿ ಎಲ್ಲಿ ಸೋರಿತೋ ಅಲ್ಲಿ ಸೋರುವ ತುಟಿ, ಎಲ್ಲಿ ತಡೆಯಿತೋ ಅಲ್ಲಿ ತಡೆದ ತುಟಿ. ಪ್ರಣವದ ಕೊನೆಯಲ್ಲಿ ಬಲಬದಿ ಮುಚ್ಚಿತು, ಎಡಬದಿ ಮುಚ್ಚಲಾರದೆ ನಡುಗಿತು. ಆ ಸಂದಿಯಿಂದ ಹೊರಟ ಉಸಿರಿಗೆ ಎದುರಿನ ದೀಪದ ಕುಡಿ ಒಂದಿಷ್ಟು ಬಾಗಿ, ಆರದೆ, ಮತ್ತೆ ನೆಟ್ಟಗಾಯಿತು.

ನನಗೆ ಮೊದಲು ಆದದ್ದು ಅವಮಾನ. ಎದ್ದು ಹೋಗಿಬಿಡೋಣವೆನ್ನಿಸಿತು. ಆದರೂ ನೋಡುತ್ತ ಕುಳಿತೆ. ಪರದೆಯ ಮೇಲಿನ ಮುದುಕನಿಗೆ ತನ್ನ ತುಟಿಯ ಪರಿವೆಯೇ ಇರಲಿಲ್ಲ. ಅವನ ಕಣ್ಣೆಲ್ಲ ದೇವರಲ್ಲಿತ್ತು. ತಪ್ಪಿದ ಅಕ್ಷರಗಳಿಗಾಗಿ ಅವನು ಎಲ್ಲಿಯೂ ನಿಲ್ಲಲಿಲ್ಲ. ಹೇಳುತ್ತಲೇ ಹೋದ, ಬೆಳಕು ಹರಿಯುತ್ತಲೇ ಬಂತು. ಬಾಯಿ ಸರಿಯಿದ್ದ ಕಾಲದಲ್ಲಿ ನಾನು ಹಾಗೆ ದೇವರನ್ನು ನೋಡಿದ್ದೆನೇ? ಉತ್ತರ ತಿಳಿಯದು. ಈ ಪ್ರಶ್ನೆಯ ಪೆಟ್ಟಿನಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ.

ದೀಪಗಳು ಹೊತ್ತಿಕೊಂಡ ಮೇಲೆ ಅವಳು ಬಂದು ನಮ್ಮೆದುರು ನೆಲದಲ್ಲೇ ಕುಳಿತಳು.

"ಬಾಯಿಯೆಲ್ಲ ಪುನಃ ಬರೆದೆ ಅಜ್ಜ. ಕೇಳದೆ ಮಾಡಿದ್ದು. ಬೇಜಾರಾ?"

ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಪಕ್ಕದಲ್ಲಿ ಅವಳ ತಂದೆ ಮೂಗೊರಸಿಕೊಂಡು, "ಚಾ ಕುಡಿಯುವನಾ ಮಾಷ್ಟ್ರೇ?" ಎಂದರು. ಅವರಿಗೆ ತಿಳಿದ ಸಮಾಧಾನ ಅದೊಂದೇ.

ಮರುದಿನ ಬೆಳಿಗ್ಗೆ ದೇವರ ಎದುರು ಕುಳಿತು ಬಾಯಿ ತೆರೆದೆ.

ಅವಳೀಗ ಕೊಚ್ಚಿಯಲ್ಲಿದ್ದಾಳೆ, ಅಲ್ಲಿ ಇಂಥ ಚಿತ್ರಗಳನ್ನೇ ಮಾಡುವ ಸಂಸ್ಥೆಯೊಂದರಲ್ಲಿ ಕೆಲಸ. ದೇವಋಣ, ಋಷಿಋಣ, ಪಿತೃಋಣಗಳನ್ನು ಹೇಳಿದ ಶಾಸ್ತ್ರ, ಅವುಗಳನ್ನು ತೀರಿಸುವ ಕ್ರಮವನ್ನೂ ಹೇಳಿದೆ. ಮೊಮ್ಮಗಳ ವಯಸ್ಸಿನ ನೆರೆಮನೆಯ ಹುಡುಗಿಯೊಬ್ಬಳು ಪ್ರಾಣವನ್ನೂ ಪ್ರಾರ್ಥನೆಯನ್ನೂ ಹಿಂದಿರುಗಿಸಿದರೆ ಏನು ಮಾಡಬೇಕೆಂದು ಎಲ್ಲಿಯೂ ಹೇಳಿಲ್ಲ. ಹುಡುಕಿ ನೋಡಿದ್ದೇನೆ. ಕೊನೆಗೆ ಗೋಡೆಯ ಬಳಿ ನಿಂತು ಅವಳ ತಂದೆಯನ್ನು ಮಗಳ ನಕ್ಷತ್ರ ಯಾವುದು, ಬಳಿ ಯಾವುದು ಎಂದು ಕೇಳಿದೆ. ನಮಗೆ ಗೋತ್ರವಿದ್ದಂತೆ ಅವರಿಗೆ ತಾಯಿಯ ಕಡೆಯಿಂದ ಬರುವುದು ಬಳಿ.

"ಎಂತಕ್ಕೆ ಮಾಷ್ಟ್ರೇ? ಹುಡುಗ ಏನಾದ್ರೂ ನೋಡಿದ್ದೀರಾ? ಅವಳು ನನ್ನನ್ನು ಕೊಲ್ತಾಳೆ ಮಾರಾಯ್ರೆ."

ಹಾಗಲ್ಲ ಎಂದೆ. ಹೇಳಿದರು.

ಅಂದಿನಿಂದ ಪ್ರತಿದಿನ ಬೆಳಿಗ್ಗೆ ಸಂಕಲ್ಪದಲ್ಲಿ, ನನ್ನ ಮನೆಯವರ ಹೆಸರುಗಳಾದ ಮೇಲೆ, ಅವಳ ಬಳಿ, ನಕ್ಷತ್ರ, ಹೆಸರುಗಳನ್ನು ಹೇಳಿ ನೀರು ಬಿಡುತ್ತೇನೆ. ಅವಳ ಹೆಸರಿನಲ್ಲಿ ತುಟಿ ಕೂಡಿಸಿ ಹೇಳಬೇಕಾದ ಅಕ್ಷರವೊಂದಿದೆ. ಅದು ನನ್ನಿಂದ ಇನ್ನೂ ಶುದ್ಧವಾಗಿ ಬರುವುದಿಲ್ಲ. ಬರುವವರೆಗೆ ಕಾಯುವುದಿಲ್ಲ, ಬಂದಂತೆಯೇ ಹೇಳುತ್ತೇನೆ.